ಅದೇ ಏಟು, ಮತ್ತೆ ಮತ್ತೆ: ಅದು ಮೋಸಾನಾ?

ಇವತ್ತಿನ ಕಂತು ಶುರುವಾಗಿದ್ದು ಒಂದು ಮನೆ ಜಗಳದಿಂದ. ನಮ್ಮ ತಂಡದ ಒಬ್ಬರ ಮನೆ ಸನಿವೇಲ್‌ನಲ್ಲಿದೆ. ಅವರ ಹದಿಮೂರು ವರ್ಷದ ಮಗ ಶನಿವಾರ ಸಂಜೆ ಬೆಂಗಳೂರಿನ ದೊಡ್ಡಪ್ಪನ ಮಗನ ಜೊತೆ ಆನ್‌ಲೈನ್‌ನಲ್ಲಿ ಸ್ಟ್ರೀಟ್ ಫೈಟರ್ 6 ಆಡ್ತಾನೆ. ಅಲ್ಲಿ ಆಗ ಭಾನುವಾರ ಬೆಳಿಗ್ಗೆ. ಹೋದ ತಿಂಗಳು ಒಂದು ದಿನ ಕಂಟ್ರೋಲರ್ ಸೋಫಾ ಮೇಲೆ ಎಸೆದು ಎದ್ದುಬಿಟ್ಟ. "ಅಣ್ಣ ಮೋಸ ಮಾಡ್ತಾನೆ. ಬರೀ ಅದೊಂದೇ ಏಟು. ಇನ್ನು ಅವನ ಜೊತೆ ಆಡಲ್ಲ." ಓರಗೆಯವರಲ್ಲಿ ಅವನು ಕನ್ನಡದಲ್ಲಿ ಮಾತಾಡ್ತಿದ್ದದ್ದು ಆ ಅಣ್ಣನ ಜೊತೆ ಮಾತ್ರ. ಹಾಗಾಗಿ ಅಮ್ಮನಿಗೆ ಆಟಕ್ಕಿಂತ ಅದೇ ಚಿಂತೆ.

ಆ 'ಒಂದೇ ಏಟು' ಡ್ರೈವ್ ಇಂಪ್ಯಾಕ್ಟ್. ಎದುರಾಳಿಯ ಒಂದೆರಡು ಹೊಡೆತ ತಡ್ಕೊಂಡೇ ಮುನ್ನುಗ್ಗುತ್ತೆ. ಅದಕ್ಕೆ ಉತ್ತರ ಇಲ್ಲ ಅಂತಲ್ಲ. ಬರ್ತಿರೋದನ್ನ ಕಂಡ ತಕ್ಷಣ ನೀವೂ ಅದನ್ನೇ ತಿರುಗಿಸಿ ಕೊಟ್ಟರೆ ಹೊಡೆದವನೇ ಸಿಕ್ಕಿಹಾಕಿಕೊಳ್ತಾನೆ.

ಈ ಜಗಳ ಸನಿವೇಲ್‌ಗೆ ಹೊಸದೇನಲ್ಲ. ನಮ್ಮವರು ತಿಂಡಿಗೆ, ದಿನಸಿಗೆ ಅಂತ ಓಡಾಡೋ ಎಲ್ ಕಮೀನೊ ರಸ್ತೆಯಲ್ಲೇ ಗಾಲ್ಫ್‌ಲ್ಯಾಂಡ್ ಇದೆ, ನೋಡಿರ್ತೀರಿ. ಟಾಮ್ ಮತ್ತು ಟೋನಿ ಕ್ಯಾನನ್ ಅನ್ನೋ ಅವಳಿ ಸೋದರರು ಮತ್ತು ಅವರ ಗೆಳೆಯರು 1996ರಲ್ಲಿ 'ಬ್ಯಾಟಲ್ ಬೈ ದ ಬೇ' ಪಂದ್ಯಾವಳಿ ನಡೆಸಿದ್ದು ಅಲ್ಲಿ, ಸುಮಾರು 40 ಜನ ಆಟಗಾರರನ್ನು ಕಟ್ಟಿಕೊಂಡು. ಅದೇ ಮುಂದೆ 'ಈವೋ' ಆಗಿ, ಫೈಟಿಂಗ್ ಗೇಮ್‌ಗಳ ಅತಿ ಹೆಸರಾಂತ ಪಂದ್ಯಾವಳಿಯಾಯ್ತು. ಒಬ್ಬ ಮೂಲೆಯಲ್ಲಿ ಕೂತು ಬೆಂಕಿಯುಂಡೆ ಎಸೀತಾನೇ ಇದ್ದರೆ 'ಚೀಪ್' ಅಂತ ಬೈಯೋರು ಆಗಲೂ ಇದ್ದರು. ಆ ಬಳಗದವರೇ ಆದ ಡೇವಿಡ್ ಸರ್ಲಿನ್ ಈ ಬೈಗುಳಕ್ಕೆ ಉತ್ತರವಾಗಿ ಬರೆದರು: ಆಟದ ನಿಯಮ ಬಿಡುತ್ತೆ ಅಂದಮೇಲೆ ಅದು ತಪ್ಪಲ್ಲ, ತನ್ನದೇ ನಿಯಮ ಕಟ್ಟಿಕೊಂಡು ಸೋಲೋನು ಆಡ್ತಿರೋದು ಬೇರೆ ಆಟ. ಆದರೆ ಇದೇ ಜನ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ ಪಂದ್ಯಗಳಲ್ಲಿ ಅಕುಮಾ ಅನ್ನೋ ಪಾತ್ರವನ್ನ ನಿಷೇಧಿಸಿದ್ದಾರೆ. ಯಾಕೆ? ಅವನ ಏಟಿಗೆ ಬೇರೆಯವರ ಹತ್ತಿರ ಉತ್ತರಾನೇ ಇಲ್ಲ.

ನಮಗೆ ಸರಿ ಅನ್ನಿಸೋ ಗೆರೆ ಇದೇ. ಎಷ್ಟು ಸಲ ಹೊಡೆದ ಅನ್ನೋದು ಲೆಕ್ಕಕ್ಕಿಲ್ಲ, ಉತ್ತರ ಕೊಡೋಕೆ ಸಾಧ್ಯವಾ ಅನ್ನೋದು ಮುಖ್ಯ. ಕಲ್ಲು–ಕಾಗದ–ಕತ್ತರಿ ಆಡುವಾಗ ಎದುರಿನವನು ಸದಾ ಕಲ್ಲೇ ತೋರಿಸಿದರೆ ನೀವು ಕಾಗದ ತೋರಿಸಬೇಕು. ತೋರಿಸ್ತಿಲ್ಲ ಅಂದರೆ ಅವನು ಕಲ್ಲು ಬಿಡೋದ್ಯಾಕೆ? ಪ್ರೊ ಕಬಡ್ಡಿಯಲ್ಲೂ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲಾಂದ್ರೆ ಔಟ್. ಸುಮ್ಮನೆ ಹೋಗಿ ಬರೋ ರೈಡರ್‌ಗೆ ಮೋಸಗಾರ ಅಂತ ಯಾರೂ ಅನ್ನಲಿಲ್ಲ, ನಿಯಮ ಮಾಡಿದರು ಅಷ್ಟೆ.

ಇಲ್ಲಿವರೆಗೆ ಅಣ್ಣನ ಪಕ್ಷ. ಈಗ ತಮ್ಮನ ಪಕ್ಷಕ್ಕೆ ಬರೋಣ, ಯಾಕಂದ್ರೆ ಭೌತಶಾಸ್ತ್ರ ಅವನ ಕಡೆಗಿದೆ.

ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತೆ. ಡ್ರೈವ್ ಇಂಪ್ಯಾಕ್ಟ್ ತಗುಲೋಕೆ 26 ಫ್ರೇಮ್ ಬೇಕು, ಅಂದರೆ ಸುಮಾರು 430 ಮಿಲಿಸೆಕೆಂಡ್. ಕಣ್ಣಿಗೆ ಕಂಡಿದ್ದಕ್ಕೆ ಬೆರಳು ಸ್ಪಂದಿಸೋಕೆ 200ರಿಂದ 250 ಮಿಲಿಸೆಕೆಂಡ್. ಅದೂ ಒಂದೇ ಸಂಗತಿಗೆ ಕಾದು ಕೂತಿದ್ದಾಗ. ನಾಲ್ಕಾರು ಸಾಧ್ಯತೆ ಒಟ್ಟಿಗೆ ಗಮನಿಸ್ತಿದ್ದರೆ ಇನ್ನೂ ತಡ. ಒಂದೇ ಸೋಫಾದಲ್ಲಿ ಕೂತರೆ ಸಾಕಷ್ಟು ಸಮಯ ಇದೆ. ಆದರೆ ಬೇ ಏರಿಯಾದಿಂದ ಬೆಂಗಳೂರು ಸುಮಾರು 14,000 ಕಿ.ಮೀ. ಗಾಜಿನೆಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಕೇಬಲ್ ನೇರ ಗೆರೆ ಎಳೆದಂತೆ ಇದ್ದರೂ ಒಂದು ದಾರಿಗೇ 70 ಮಿಲಿಸೆಕೆಂಡ್, ಅಂದರೆ ನಾಲ್ಕು ಫ್ರೇಮ್ ಹೋಯ್ತು. ಕೇಬಲ್ ಸುತ್ತಿ ಬಳಸಿ ಬರೋದ್ರಿಂದ ಅದಕ್ಕಿಂತ ಹೆಚ್ಚೇ ಹೋಗುತ್ತೆ.

ಈ ನಷ್ಟ ಆದಷ್ಟು ಕಾಣದ ಹಾಗೆ ಮಾಡಿದ್ದು ಅದೇ ಟೋನಿ ಕ್ಯಾನನ್. 2006ರಲ್ಲಿ ಆನ್‌ಲೈನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್‌ನ ವಿಳಂಬ ನೋಡಿ ಬೇಸತ್ತು ಜಿಜಿಪಿಒ ಅನ್ನೋ ತಂತ್ರಾಂಶ ಬರೆದರು. ಎದುರಾಳಿ ಈ ಫ್ರೇಮಿನಲ್ಲಿ ಏನು ಒತ್ತಿದ ಅನ್ನೋ ಸುದ್ದಿ ಬರೋವರೆಗೂ ಆಟ ಕಾಯಲ್ಲ; ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಒತ್ತಿರ್ತಾನೆ ಅಂತ ಊಹಿಸಿ ಮುಂದೆ ಹೋಗುತ್ತೆ. ಊಹೆ ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತೆ. ಮನುಷ್ಯ ಮಾಡಿದ್ದನ್ನೇ ಮಾಡ್ತಾನೆ ಅನ್ನೋ ನಂಬಿಕೆ ಮೇಲೇ ಇದು ನಿಂತಿದೆ ನೋಡಿ! ಆದರೆ ತಿದ್ದಿಕೊಂಡಾಗ ಹೊಸ ಏಟಿನ ಮೊದಲ ಕೆಲವು ಫ್ರೇಮ್ ಹಾರಿಹೋಗಿರುತ್ತೆ. ತಮ್ಮನಿಗೆ ಕಾಣದೇ ಹೋಗಿದ್ದು ಅವೇ.

ಹಾಗಂತ ಅಣ್ಣ ಮೋಸಗಾರ ಅಲ್ಲ. "ಹೋಗ್ಲಿ ಬಿಡೋ, ಚಿಕ್ಕವನು" ಅಂತ ಅವನನ್ನ ತಡೆಯೋದೂ ನಮಗೆ ಒಪ್ಪಿಗೆಯಿಲ್ಲ. ಬಿಟ್ಟುಕೊಟ್ಟ ಗೆಲುವು ಹದಿಮೂರರ ಹುಡುಗನಿಗೆ ಗೊತ್ತಾಗಿಬಿಡುತ್ತೆ. ಆದರೆ ಅಣ್ಣನಿಗೊಂದು ಮಾತು. ಸಮುದ್ರದಾಚೆಯ ವಿಳಂಬ ಗೆಲ್ಲಿಸಿಕೊಟ್ಟ ಏಟು, ಬೆಂಗಳೂರಿನ ಪಕ್ಕದ ಬೀದಿಯವನ ಮುಂದೆ ಅಷ್ಟು ಸುಲಭವಾಗಿ ನಡೆಯಲ್ಲ. ಅವನು ಪೂರ್ತಿ 26 ಫ್ರೇಮ್ ನೋಡ್ತಾನೆ, ಹೆಚ್ಚುಕಡಿಮೆ.

ಲೆಕ್ಕ ಹಾಕಿ ತೋರಿಸಿದ ಮೇಲೆ ಹುಡುಗ ತರಬೇತಿ ವಿಧಾನದಲ್ಲಿ ಬೊಂಬೆಗೆ ಅದೇ ಏಟು ಕಲಿಸಿ, ಅದನ್ನ ತಡೆಯೋದನ್ನ ಅಭ್ಯಾಸ ಮಾಡ್ತಿದ್ದಾನೆ. ಹೋದ ಶನಿವಾರ ಹತ್ತರಲ್ಲಿ ಮೂರು ಸಲ ತಿರುಗಿಸಿ ಕೊಟ್ಟನಂತೆ. ಡಿಸೆಂಬರ್‌ಗೆ ಬೆಂಗಳೂರಿಗೆ ಟಿಕೆಟ್ ಆಗಿದೆ. ಒಂದೇ ಟಿವಿ, ಎರಡು ಕಂಟ್ರೋಲರ್. ಫಲಿತಾಂಶ ಬಂದರೆ ಹೇಳ್ತೀವಿ. ಅಲ್ಲಿವರೆಗೆ ನಮಸ್ಕಾರ.