ವಾಲಿಯ ಬಾಕಿ ಪ್ರಶ್ನೆ

ಆಷಾಢದ ಮಳೆ ಹಿಡಿಯಿತೆಂದರೆ ಕಳಸದ ಕಡೆ ಮನೆಯಿಂದ ಮನೆಗೆ ಹೋಗುವುದೂ ಒಂದು ಪ್ರಯಾಣವೇ ಸರಿ. ಘಟ್ಟದ ಕೆಳಗಿನ ಮೇಳಗಳು ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ತಾಳಮದ್ದಳೆಗೆ ಇದೇ ಸುಗ್ಗಿ. ವೇಷವಿಲ್ಲ, ಕುಣಿತವಿಲ್ಲ, ಜಗಲಿಯ ಮೇಲೆ ಚಾಪೆ ಹಾಸಿ, ಭಾಗವತರು ಪದ್ಯ ಹಾಡಿದರೆ, ಎದುರುಬದುರಾಗಿ ಕುಳಿತವರು ಅರ್ಥ ಹೇಳುತ್ತಾರೆ. ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಮಾತೆಲ್ಲವೂ ಆ ಗಳಿಗೆಯಲ್ಲಿ ಹುಟ್ಟಬೇಕು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುವುದು, ಒಬ್ಬ ಸೂತ್ರಧಾರ ಕಥೆಯನ್ನು ನಡೆಸುವುದು. ಪಟ್ಟಣದಿಂದ ರಜೆಗೆ ಬಂದ ನಮ್ಮ ಬಂಧುಗಳ ಹುಡುಗನೊಬ್ಬ ಅದನ್ನು ವರ್ಣಿಸಿದಾಗ, ಅಜ್ಜಿ, "ಅದಕ್ಕೆ ಮದ್ದಳೆ ಇಲ್ಲವೇನೋ?" ಎಂದು ಕೇಳಿದರು. ಅಲ್ಲಿ ಗೆಲವು ಸೋಲನ್ನು ದಾಳ ಹೇಳುತ್ತದಂತೆ. ಇಲ್ಲಿ ಆ ಸೌಕರ್ಯವಿಲ್ಲ. ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಆದರೆ ಹೇಗೆ ಸಾಯುತ್ತಾನೆ, ಏನನ್ನು ಒಪ್ಪಿ ಸಾಯುತ್ತಾನೆ ಎಂಬುದು ಪ್ರತಿ ರಾತ್ರಿಯೂ ಬೇರೆ.

ಬೇರೆಯಾಗುವುದರಲ್ಲಿ ಒಳಕೋಣೆಯ ಪಾಲೂ ಉಂಟು. ಯಾವ ಪದ್ಯ ಬಿಡುವುದು, ಯಾವ ಸಂವಾದವನ್ನು ಮೊಟಕುಗೊಳಿಸುವುದು, ಇವೆಲ್ಲ ಕಾಫಿಯ ಲೋಟ ಹಿಡಿದುಕೊಂಡೇ ತೀರ್ಮಾನವಾಗುತ್ತವೆ. ಬಯಲಾಟದ ಚೌಕಿಯಲ್ಲಿಯೂ ಹೀಗೆಯೇ. ರಾತ್ರಿ ಹತ್ತರ ಮೇಲಿನ ಧ್ವನಿವರ್ಧಕಕ್ಕೆ 2000ದ ನಿಯಮಗಳು ಕಡಿವಾಣ ಹಾಕಿದ ಮೇಲಂತೂ ಇಡೀ ರಾತ್ರಿಯ ಪ್ರಸಂಗವನ್ನು ಕೆಲವೇ ಗಂಟೆಗಳಿಗೆ ಕತ್ತರಿಸುವುದು ಹಲವೆಡೆ ಅನಿವಾರ್ಯವಾಯಿತು. ಮೊದಲು ಹೋಗುವುದು ಪೂರ್ವರಂಗ. ಕೋಡಂಗಿ, ಬಾಲಗೋಪಾಲರಾಗಿ ಹೆಜ್ಜೆ ಕಲಿಯುತ್ತಿದ್ದ ಹುಡುಗರ ಪಾಠಶಾಲೆ ಅದು. ಇದು ನನಗೆ ಸರಿಬಾರದು.

ಅಂದು ನಮ್ಮ ಜಗಲಿಯಲ್ಲಿ ವಾಲಿವಧೆ. ರಾಮನ ಅರ್ಥಕ್ಕೆ ಒಬ್ಬ ಎಳೆಯ ಮೇಷ್ಟರು, ಮೊದಲ ಸಲ. ವಾಲಿಗೆ ಪಳಗಿದ ಹಿರಿಯರು. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿ ಕೇಳಲೇಬೇಕು. ಆದರೆ ರಾವಣನನ್ನು ಕಂಕುಳಲ್ಲಿ ಇರುಕಿದ ನನ್ನನ್ನು ಬಿಟ್ಟು ಸುಗ್ರೀವನ ಸ್ನೇಹವನ್ನೇಕೆ ಬೇಡಿದೆ ಎಂಬ ಪ್ರಶ್ನೆಯನ್ನು ಹುಡುಗನ ಮೇಲೆ ಎಸೆಯಬಾರದೆಂದು ಒಳಗೆ ಮಾತಾಗಿತ್ತು. ಮೇಷ್ಟರಿಗೆ ಈ ಒಪ್ಪಂದ ತಿಳಿಯದು.

ರಂಗೇರಿದ ಹಿರಿಯರು ಮರೆತರೋ, ಮರೆತಂತೆ ಮಾಡಿದರೋ, ಕೇಳಿಯೇಬಿಟ್ಟರು. ಮೇಷ್ಟರು ಕಣ್ಣು ಮುಚ್ಚಿದರು. ಮಾಡಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರಾವ ಸದ್ದೂ ಇಲ್ಲ. ಭಾಗವತರು ಕನಿಕರದಿಂದ ಮುಂದಿನ ಪದ್ಯ ಎತ್ತಿದರು. ವಾಲಿ ಸತ್ತ. ಮಂಗಳವೂ ಆಯಿತು.

ಕಡುಬು ಬಡಿಸುವಾಗ ಮೇಷ್ಟರು ಎಲೆಯ ಮುಂದೆ ಕೂರಲಿಲ್ಲ. ಭಾಗವತರ ಬಳಿಗೆ ಬಂದು, "ಉತ್ತರ ನನ್ನಲ್ಲಿತ್ತು ಭಾಗವತರೇ. ನೀವು ಪದ್ಯ ಎತ್ತಿಬಿಟ್ಟಿರಿ" ಎಂದರು. ದನಿ ನಡುಗುತ್ತಿತ್ತು.

ಭಾಗವತರು ಮುಖ ತಗ್ಗಿಸಿದರು. ಬಹಳ ಹೊತ್ತಿನ ಮೇಲೆ ವಾಲಿಯೇ ಎಲೆಯಿಂದ ಎದ್ದು, ಕೈ ತೊಳೆದು ಬಂದು ಚಾಪೆಯ ಮೇಲೆ ಕುಳಿತರು. "ಹೇಳು ಮಾರಾಯ, ಕೇಳುತ್ತೇನೆ" ಎಂದರು.

ಮದ್ದಳೆಯನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಇಟ್ಟಾಗಿತ್ತು. ಬಡಿಸುತ್ತಿದ್ದವರೂ ಪಾತ್ರೆ ಕೆಳಗಿಟ್ಟು ಬಾಗಿಲಿಗೆ ಬಂದರು.