ದೇಹಪ್ರಕೃತಿ ಮತ್ತು ಸಮತೋಲ

ದಾಸೋಹದ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪ್ರಸಾದವನ್ನು ಸ್ವೀಕರಿಸಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಎರಡು ತಾಸಿನೊಳಗೆ ಮತ್ತೆ ಹಸಿವೆಯಾಗುತ್ತದೆ. ಇನ್ನೊಬ್ಬನ ಹೊಟ್ಟೆ ಸಂಜೆಯವರೆಗೂ ಭಾರವಾಗಿರುತ್ತದೆ. ಮೊದಲಿನವನನ್ನು ಹೊಟ್ಟೆಬಾಕನೆಂದೂ ಎರಡನೆಯವನನ್ನು ಸೋಮಾರಿಯೆಂದೂ ಕರೆಯುವುದು ಸುಲಭ. ಆಯುರ್ವೇದವು ಅಷ್ಟು ಅವಸರಪಡುವುದಿಲ್ಲ. ಒಬ್ಬನದು ತೀಕ್ಷ್ಣಾಗ್ನಿ, ಇನ್ನೊಬ್ಬನದು ಮಂದಾಗ್ನಿ ಎಂದು ಅದು ಗುರುತಿಸುತ್ತದೆ. ಇಬ್ಬರಿಗೂ ಬೇರೆ ಬೇರೆ ಪಥ್ಯವನ್ನು ಹೇಳುತ್ತದೆ.

ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳಲ್ಲಿ ಯಾವುದು ಹುಟ್ಟಿನಿಂದಲೇ ಪ್ರಧಾನವೋ ಅದರಂತೆ ದೇಹಪ್ರಕೃತಿ ಎಂಬುದು ಈ ಶಾಸ್ತ್ರದ ಮತ. ವಾತಪ್ರಕೃತಿಯವನದು ಕೃಶವಾದ ಮೈ, ಒಣ ಚರ್ಮ, ಚಂಚಲ ನಡೆ, ಅಲ್ಪ ನಿದ್ರೆ. ಪಿತ್ತಪ್ರಕೃತಿಯವನು ಬಿಸಿಲನ್ನು ತಾಳಲಾರ. ಅವನಿಗೆ ಹಸಿವೆ, ನೀರಡಿಕೆಗಳು ಹೆಚ್ಚು. ಕಫಪ್ರಕೃತಿಯವನು ದೃಢಕಾಯ, ನಿಧಾನಿ, ಸಹನಶೀಲ. ಎರಡೆರಡು ದೋಷಗಳು ಕೂಡಿದ ಮೂರು ಬಗೆ, ಮೂರೂ ಸಮವಾಗಿರುವ ಒಂದು ಬಗೆ ಸೇರಿ ಒಟ್ಟು ಏಳು ಪ್ರಕೃತಿಗಳು. ಸಮತೋಲವೆಂದರೆ ಎಲ್ಲರೂ ಒಂದೇ ತೂಕಕ್ಕೆ ಬರುವುದಲ್ಲ. ಪ್ರತಿಯೊಬ್ಬನೂ ತನ್ನ ಪ್ರಕೃತಿಯ ಅಳತೆಯನ್ನು ಮೀರದಿರುವುದು. ಪ್ರಕೃತಿ ರೋಗವಲ್ಲ, ಅದರಿಂದಾದ ವಿಚಲನೆಯೇ ವಿಕೃತಿ.

ಚರಕಸಂಹಿತೆಯು ರೋಗಿಯನ್ನು ಪರೀಕ್ಷಿಸಲು ಪ್ರಕೃತಿ, ವಿಕೃತಿ, ಸಾತ್ಮ್ಯ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಮೊದಲಾದ ಹತ್ತು ಅಂಶಗಳನ್ನು ವಿಧಿಸುತ್ತದೆ. ಇವುಗಳ ಜೊತೆಗೆ ದೇಶ, ಕಾಲಗಳನ್ನೂ ನೋಡಬೇಕು. ಒಣನೆಲವಾದ ಜಾಂಗಲದಲ್ಲಿ ವಾತವೂ ನೀರುನೆಲವಾದ ಅನೂಪದಲ್ಲಿ ಕಫವೂ ಪ್ರಬಲವೆನ್ನುತ್ತಾರೆ. ಮಸಗುಪ್ಪಿ, ಮೂಡಲಗಿ, ಗೋಕಾಕ ಸೀಮೆಯ ಜನರಿಗೆ ಈ ಮಾತು ಬರಿಯ ಗ್ರಂಥದ ಮಾತಲ್ಲ. ಧೂಪದಾಳದ ಒಡ್ಡಿನಿಂದ, ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಹರಿದ ಘಟಪ್ರಭೆಯ ನೀರು ಜೋಳದ ಹೊಲಗಳನ್ನು ಕಬ್ಬಿನ ಗದ್ದೆಗಳನ್ನಾಗಿ ಮಾಡಿತು. ನೆಲ ಬದಲಾಯಿತು, ಊಟ ಬದಲಾಯಿತು, ಯಂತ್ರಗಳು ಬಂದು ಮೈಮುರಿವ ದುಡಿಮೆಯೂ ತಗ್ಗಿತು. ಸಂಕ್ರಾಂತಿಯ ಚಳಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬೇಸಗೆಗೆ ಮಜ್ಜಿಗೆ ಎಂದು ಋತುವನ್ನರಿತು ಉಣ್ಣುತ್ತಿದ್ದ ಮನೆಗಳಲ್ಲಿ ಇಂದು ಎಲ್ಲ ಕಾಲಕ್ಕೂ ಸಕ್ಕರೆಯ ಚಹ ಮತ್ತು ಅಂಗಡಿಯ ಕರಿದ ತಿಂಡಿ. ದುಡಿಮೆ ಕಳೆದು ಸಿಹಿ ಕೂಡಿದಲ್ಲಿ ಮಧುಮೇಹ ಬರುವುದು ಅಚ್ಚರಿಯಲ್ಲ.

ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ, 14ನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯ ಖಗೇಂದ್ರಮಣಿದರ್ಪಣವನ್ನೂ ರಚಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಮುಂದೆ ಆಯುರ್ವೇದ ಮಹಾವಿದ್ಯಾಲಯವನ್ನೂ ನಡೆಸಿಕೊಂಡು ಬಂದಿದೆ.

ಆದರೆ ಪರಂಪರೆಯ ಅಭಿಮಾನವು ವಿವೇಕವನ್ನು ಮುಸುಕಬಾರದು. ಪ್ರಕೃತಿಗೂ ವಂಶವಾಹಿಗಳಿಗೂ ಸಂಬಂಧವಿರಬಹುದೆಂದು ಭಾರತೀಯ ವಿಜ್ಞಾನಿಗಳು 2015ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ವಂಶವಾಹಿ ಪರೀಕ್ಷೆಗೆ ಒಳಗಾದವರು 262 ಪುರುಷರು ಮಾತ್ರ. ಅದು ಹುಡುಕಾಟದ ಆರಂಭವೇ ಹೊರತು ಸಿದ್ಧಾಂತದ ಮುದ್ರೆಯಲ್ಲ. ಕ್ಷಯ, ಮಧುಮೇಹ, ಹೃದ್ರೋಗಗಳನ್ನು ದೋಷದ ಹೆಸರಿನಲ್ಲಿ ಮನೆಯಲ್ಲೇ ಮುಚ್ಚಿಟ್ಟುಕೊಂಡು ತಜ್ಞ ವೈದ್ಯರನ್ನು ಕಾಣಲು ತಡಮಾಡುವುದು ಆತ್ಮಘಾತ. ಪರೀಕ್ಷೆಯಿಲ್ಲದೆ ಎಲ್ಲ ಪ್ರಕೃತಿಯವರಿಗೂ ಒಂದೇ ಚೂರ್ಣವನ್ನು ಮಾರುವ ಜಾಹೀರಾತಂತೂ ಆಯುರ್ವೇದದ ಮೂಲತತ್ತ್ವಕ್ಕೇ ವಿರುದ್ಧ.

ಶಾಲೆಗೆ ಈ ಶಾಸ್ತ್ರದಿಂದ ದೊರೆಯುವ ದೊಡ್ಡ ಪಾಠ ಔಷಧದ್ದಲ್ಲ, ದೃಷ್ಟಿಯದು. ಬಡಕಲು ಬಾಲಕನನ್ನೂ ದಪ್ಪ ಬಾಲಕಿಯನ್ನೂ ತರಗತಿಯ ಮುಂದೆ ನಗೆಗೀಡು ಮಾಡಬಾರದು. ಒಬ್ಬರ ಓಟದ ಗತಿಯಿಂದ ಇನ್ನೊಬ್ಬರನ್ನು ಅಳೆಯಬಾರದು. ಹಾಗೆಂದು ಪ್ರಕೃತಿಯ ಹೆಸರು ಮಗುವಿಗೆ ಅಂಟಿಸುವ ಚೀಟಿಯೂ ಆಗಬಾರದು. ಶಿಕ್ಷಕರು ಪ್ರತಿವರ್ಷ ಮಕ್ಕಳ ಎತ್ತರ, ತೂಕಗಳನ್ನು ಬರೆದಿಡಲಿ. ಅನ್ನದಾನ ಮಾಡುವ ದಾನಿಗಳು ಸಿಹಿಯೂಟಕ್ಕಿಂತ ಜೋಳ, ಬೇಳೆ, ಸೊಪ್ಪಿನ ಪಲ್ಲೆಗಳಿಗೆ ಮೊದಲ ಸ್ಥಾನ ಕೊಡಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಲಿ. ಕಾಯಕಕ್ಕೆ ಕಾಯವೇ ಆಧಾರ. ಆ ಕಾಯವನ್ನು ಅರಿಯುವ ಶಿಕ್ಷಣವೂ ಶಿಕ್ಷಣವೇ.