ಗಿಲಾವಿಗೆ ಮುನ್ನ ಒಂದು ದಿನ

ಹೊಸ ಮನೆ ಕಟ್ಟಲು ಹೊರಟ ಸದ್ಭಕ್ತರು ನಮ್ಮಲ್ಲಿಗೆ ಬಂದಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಅಡಿಗಲ್ಲು ಇಡಲು ಯಾವ ದಿನ ಒಳ್ಳೆಯದು? ತಲೆಬಾಗಿಲು ಯಾವ ದಿಕ್ಕಿಗೆ ಇರಬೇಕು? ಶರಣಮಾರ್ಗದಲ್ಲಿ ನಡೆಯುವವರಿಗೆ ಎಲ್ಲ ದಿನಗಳೂ ಶಿವನ ದಿನಗಳೇ ಆದುದರಿಂದ ಇವಕ್ಕೆ ನಮ್ಮ ಉತ್ತರ ಚಿಕ್ಕದು. ಕೇಳಲೇಬೇಕಾದ ಮೂರನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಮನೆಯ ಗೋಡೆಗಳೊಳಗೆ ಹರಿಯಲಿರುವ ವಿದ್ಯುತ್ತು ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗಬೇಕು? ದಾರಿ ತಪ್ಪಿದರೆ ಅದು ಯಾರ ಮೈಯ ಮೂಲಕ ಹರಿದು ಹೋದೀತು?

ಇದನ್ನು ಕೇಳಬೇಕೆಂಬ ಅರಿವು ನಮಗೂ ತಡವಾಗಿಯೇ ಬಂದಿತು. ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಒಂದು ಗ್ರಾಮದಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆವು. ಸಾಗವಾನಿಯ ಕೆತ್ತನೆಯ ಬಾಗಿಲು, ಮುಖ ಕಾಣುವಂಥ ನೆಲ, ಪಡಸಾಲೆಯ ಮಧ್ಯದಲ್ಲಿ ತೂಗುದೀಪ. ಎಲ್ಲವನ್ನೂ ನೋಡಿ ಸಂತೋಷಪಟ್ಟು, ಪ್ರಸಾದ ಸ್ವೀಕರಿಸಿ ಹಿಂದಿರುಗಿದೆವು. ಅದೇ ವರ್ಷದ ಮಳೆಗಾಲದಲ್ಲಿ ಆ ಮನೆಯ ಸೊಸೆ ಒದ್ದೆಗೈಯಿಂದ ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟಿದಳು. ಮುಟ್ಟಿದ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಹಿರಿಯ ಮೊಮ್ಮಗ ಓಡಿಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಿದ್ದರಿಂದ ಆ ತಾಯಿ ಬದುಕಿದಳು. ಬೇರೊಬ್ಬ ಕೆಲಸಗಾರನನ್ನು ಕರೆಸಿ ಬೋರ್ಡನ್ನು ಬಿಚ್ಚಿಸಿದಾಗ ಮೂರು ರಂಧ್ರಗಳ ಪ್ಲಗ್ಗಿನ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯೇ ಇರಲಿಲ್ಲ. ಮನೆಯ ಯಜಮಾನರು ನಮ್ಮೆದುರಿಗೆ ಕಣ್ಣೀರು ತುಂಬಿ ಹೇಳಿದರು: “ಆ ತಂತಿ, ಆ ಕುಣಿ ಎರಡೂ ಬ್ಯಾಡ ಅಂತ ನಾನ ಹೇಳಿದ್ನಿರೀ. ತೂಗುದೀಪಕ್ಕ ಅದಕ್ಕಿಂತ ಹೆಚ್ಚು ಕೊಟ್ಟೇನಿ.” ಅವರನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಆ ದೀಪವನ್ನು ಹೊಗಳಿ ಬಂದವರು ನಾವೇ ಆಗಿದ್ದೆವಲ್ಲ!

ನಮ್ಮ ಬಾಲ್ಯದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ಚಿಂತೆಯಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದರೂ ನಮ್ಮ ಎರೆನಾಡಿನ ಹಳ್ಳಿಗಳಿಗೆ ಅದು ಬಂದುದು ಎಷ್ಟೋ ದಶಕಗಳ ನಂತರ. ಬಂದಾಗಲೂ ಪಡಸಾಲೆಗೊಂದು, ಅಡುಗೆಮನೆಗೊಂದು ಬಲ್ಬು. ಮರದ ಪಟ್ಟಿಯ ಮೇಲೆ ಕಣ್ಣಿಗೆ ಕಾಣುವಂತೆ ಹೋಗುವ ತಂತಿ. ಇಂದು ಅದೇ ಮನೆತನದ ಹೊಸ ಮನೆಯಲ್ಲಿ ಮಿಕ್ಸರ್, ಫ್ರಿಜ್, ಗೀಸರ್, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಪಂಪು, ಹಿಟ್ಟಿನ ಗಿರಣಿಗಳಿವೆ. ತಂತಿಯಾದರೋ ಗೋಡೆಯೊಳಗೆ ಅಡಗಿದೆ. ಕಾಣದುದನ್ನು ಮೊದಲೇ ಯೋಚಿಸದಿದ್ದರೆ ಆಮೇಲೆ ಗೋಡೆಯನ್ನೇ ಒಡೆಯಬೇಕಾಗುತ್ತದೆ.

ಆದುದರಿಂದ ನಮ್ಮ ಮೊದಲ ಸೂಚನೆ ಇದು. ಗೋಡೆಗಳು ಎದ್ದು, ಗಿಲಾವು ಮಾಡುವುದಕ್ಕೆ ಮುನ್ನ ಒಂದು ದಿನವನ್ನು ಇದಕ್ಕಾಗಿಯೇ ಮೀಸಲಿಡಿರಿ. ಅಂದು ಗೌಂಡಿಯೂ ವಿದ್ಯುತ್ ಕೆಲಸಗಾರನೂ ಇರಲಿ. ಅವರಿಗಿಂತ ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳೂ ವೃದ್ಧರೂ ಇರಲಿ. ಒಂದು ಇದ್ದಿಲ ತುಂಡನ್ನು ಹಿಡಿದು ಕೋಣೆ ಕೋಣೆ ತಿರುಗಿ, ಎಲ್ಲಿ ಏನು ಬೇಕೆಂಬುದನ್ನು ಇಟ್ಟಿಗೆಯ ಮೇಲೆಯೇ ಗುರುತು ಹಾಕಿರಿ. ಅಡುಗೆಮನೆಯಲ್ಲಿ ದಿನದ ಅರ್ಧ ಕಳೆಯುವವರನ್ನು ಕೇಳದೆ ಅಲ್ಲಿಯ ಪ್ಲಗ್ಗುಗಳನ್ನು ನಿರ್ಧರಿಸುವುದು ಅವಿವೇಕ. ಅವು ಕಟ್ಟೆಗಿಂತ ಮೇಲೆ, ನೀರಿನ ನಳದಿಂದಲೂ ಒಲೆಯ ಉರಿಯಿಂದಲೂ ದೂರವಾಗಿ ಇರತಕ್ಕದ್ದು. ಇಂದು ಎರಡು ಸಾಕೆನಿಸಿದರೆ ನಾಲ್ಕು ಇಡಿಸಿರಿ. ಪ್ಲಗ್ಗು ಸಾಲದ ಮನೆಯಲ್ಲಿ ತೇಪೆ ಹಾಕಿದ ಉದ್ದನೆಯ ವೈರು ನೆಲದ ಮೇಲೆ ಹರಿದಾಡತೊಡಗುತ್ತದೆ, ಅಪಾಯವೂ ಅದರೊಡನೆಯೇ ಬರುತ್ತದೆ.

ಬಚ್ಚಲಮನೆಯೊಳಗೆ ಗೀಸರಿನ ಸ್ವಿಚ್ಚು ಬೇಡ, ಅದು ಬಾಗಿಲ ಹೊರಗೆ ಇರಲಿ. ಪೂಜೆಯ ಮನೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಸ್ನಾನ ಮುಗಿಸಿ ಒದ್ದೆ ಮೈಯಲ್ಲಿಯೇ ಬಂದು ಕೂಡ್ರುವ ಸ್ಥಳವದು. ಗದ್ದುಗೆಯ ಬಳಿ ಕೈಗೆಟಕುವಂತೆ ಪ್ಲಗ್ಗು ಇಡಬಾರದು. ದೀಪವು ಕಣ್ಣಿಗೆ ಹೊಡೆಯದೆ, ಪೂಜೆಗೆ ಕುಳಿತವರ ಅಂಗೈ ಮೇಲಿನ ಇಷ್ಟಲಿಂಗದ ಮೇಲೆ ಬೀಳುವಂತೆ ಮೇಲೆ ಅಥವಾ ಒಂದು ಬದಿಗೆ ಇರಲಿ. ವೃದ್ಧರ ಮಂಚದ ಬಳಿ ಕುಳಿತಲ್ಲಿಂದಲೇ ಎಟಕುವ ಸ್ವಿಚ್ಚು ಇರಲಿ. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ಚು ಬೇಕು. ದನದ ಕೊಟ್ಟಿಗೆಯನ್ನು ಮನೆಗೆ ಹೊಂದಿಸಿ ಕಟ್ಟುವವರು ಇನ್ನೊಂದನ್ನು ನೆನಪಿಡಬೇಕು. ನಾಲ್ಕು ಕಾಲುಗಳ ಮೇಲೆ ಒದ್ದೆ ನೆಲದಲ್ಲಿ ನಿಂತ ಎತ್ತಿಗೆ, ನೆಲದಲ್ಲಿ ಸೋರುವ ವಿದ್ಯುತ್ತು ಮನುಷ್ಯನಿಗಿಂತ ಬೇಗ ಆಘಾತ ಮಾಡುತ್ತದೆ. ಅಲ್ಲಿಯ ತಂತಿ ಕೊಳವೆಯೊಳಗೆ, ಕೊಂಬಿಗೆ ಎಟಕದ ಎತ್ತರದಲ್ಲಿ ಹೋಗಲಿ.

ಎರಡನೆಯದು ತಂತಿಯ ದಪ್ಪ. ಇದಕ್ಕೆ ಒಂದು ಸರಳ ಲೆಕ್ಕವಿದೆ. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸುಮಾರಾಗಿ ದೊರೆಯುತ್ತದೆ. 2000 ವ್ಯಾಟಿನ ಗೀಸರು ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ಗು ಕಾದು ಕರಗದೆ ಏನಾದೀತು? ದೀಪ, ಪಂಖಗಳಿಗೆ 1.5 ಚದರ ಮಿಲಿಮೀಟರ್, ಸಾಮಾನ್ಯ ಪ್ಲಗ್ಗುಗಳಿಗೆ 2.5, ಗೀಸರಿನಂತಹ ಭಾರದ ಉಪಕರಣಗಳಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪ್ರತ್ಯೇಕ ದಾರಿಗಳಲ್ಲಿ ಎಳೆಯಿಸುವುದು ಒಳ್ಳೆಯ ಪದ್ಧತಿ. ಸ್ವಿಚ್ಚು ಯಾವಾಗಲೂ ಕೆಂಪು, ಹಳದಿ ಅಥವಾ ನೀಲಿ ಬಣ್ಣದ ಫೇಸ್ ತಂತಿಯ ಮೇಲೆಯೇ ಇರಬೇಕು. ಕಪ್ಪು ಬಣ್ಣದ ನ್ಯೂಟ್ರಲ್ ಮೇಲೆ ಇಟ್ಟರೆ, ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಇನ್ವರ್ಟರ್ ಇಡುವ ಆಲೋಚನೆಯಿದ್ದರೆ ಅದರ ತಂತಿಯನ್ನೂ ಗಿಲಾವಿಗೆ ಮುನ್ನವೇ ಬೇರೆಯಾಗಿ ಎಳೆಯಿಸಿರಿ.

ಮೂರನೆಯದು ಪ್ರಾಣದ ವಿಷಯ. ‘ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನು ಭಯವಿಲ್ಲ’ ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಅದು 16 ಆಂಪಿಯರಿನದಾಗಿದ್ದರೆ ಅದಕ್ಕಿಂತ ಹೆಚ್ಚು ಹರಿದಾಗ ಮಾತ್ರ ಬೀಳುತ್ತದೆ. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಕೂಡ ಬೇಕಾಗಿಲ್ಲ. ಮನುಷ್ಯನನ್ನು ಕಾಯುವ ಉಪಕರಣದ ಹೆಸರು ಆರ್.ಸಿ.ಸಿ.ಬಿ. ಹೋದ ವಿದ್ಯುತ್ತು ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಕೊರತೆ ಬಿದ್ದರೆ, ಅದು ಯಾರದೋ ಮೈಯ ಮೂಲಕ ಸೋರುತ್ತಿರಬಹುದೆಂದು ಕ್ಷಣದ ಒಂದಂಶದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ರೂಢಿ ಮನೆಯಲ್ಲಿರಲಿ.

ಇದರ ಜೋಡಿಯೇ ಅರ್ಥಿಂಗ್ ಎಂದು ನಾವೆಲ್ಲ ಕರೆಯುವ ಭೂಸಂಪರ್ಕ. ಉಪಕರಣದ ಲೋಹದ ಮೈಗೆ ವಿದ್ಯುತ್ತು ತಗುಲಿದರೆ, ಅದನ್ನು ನಮ್ಮ ಮೈಗೆ ಬಿಡದೆ ಭೂಮಿಗೆ ಒಯ್ಯುವ ಹಸಿರು ತಂತಿಯಿದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಮಣ್ಣು ಹಸಿಯಾಗಿದ್ದಾಗ ಇದಕ್ಕೆ ಬಹಳ ಅನುಕೂಲ. ಆದರೆ ಬೇಸಿಗೆಯಲ್ಲಿ ಅದೇ ಭೂಮಿ ಒಣಗಿ, ಕೈ ಇಳಿಯುವಂತೆ ಬಿರಿದು, ಕೊಳವೆಯಿಂದ ದೂರ ಸರಿಯುತ್ತದೆ. ಆದ್ದರಿಂದ ಕನಿಷ್ಠ 2.5 ಮೀಟರ್ ಉದ್ದದ ಕೊಳವೆಯನ್ನು ತೇವ ನಿಲ್ಲುವ ಆಳಕ್ಕೆ ಇಳಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ಕುಣಿಯನ್ನು ಗೋಡೆಗೆ ಅಂಟಿಸಿ ತೆಗೆಯಬಾರದು, ಒಂದೂವರೆ ಮೀಟರಿಗಿಂತ ಹೆಚ್ಚು ದೂರವಿರಲಿ. ಇಲ್ಲವಾದರೆ ಹಾಕಿದ ನೀರಿಗೆ ಎರೆಮಣ್ಣು ಉಬ್ಬಿ ಅಡಿಪಾಯಕ್ಕೇ ಕುತ್ತು ತಂದೀತು. ಕಲಘಟಗಿಯ ಕಡೆಯ ಕೆಂಪು, ಗರಸು ನೆಲದಲ್ಲಿ ಒಂದು ಕೊಳವೆ ಸಾಲದೆ ಎರಡು ಬೇಕಾಗಬಹುದು. ನೆಲ ಒಣಗಿರುವಾಗ ಮೀಟರಿನಿಂದ ಅಳೆಯಿಸಿ, 5 ಓಮ್ ಮೀರದಂತೆ ನೋಡಿಕೊಳ್ಳಿರಿ. ಹಿಂದೆ ಕೆಲವರು ನೀರಿನ ನಳಕ್ಕೆ ಈ ತಂತಿಯನ್ನು ಸುತ್ತುತ್ತಿದ್ದರು. ಈಗಿನ ಪ್ಲಾಸ್ಟಿಕ್ ಕೊಳವೆಗೆ ಸುತ್ತಿದರೆ ಏನೂ ಸುತ್ತದಂತೆಯೇ ಸರಿ. ನ್ಯೂಟ್ರಲ್ ತಂತಿಯನ್ನೇ ಮೂರನೆಯ ರಂಧ್ರಕ್ಕೆ ಸೇರಿಸಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಆ ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದರೆ ಉಪಕರಣದ ಮೈಯೆಲ್ಲ ಜೀವಂತ ತಂತಿಯಾಗುತ್ತದೆ.

ಈ ಕೆಲಸವನ್ನು ಪರವಾನಿಗೆಯುಳ್ಳ ಗುತ್ತಿಗೆದಾರರಿಂದಲೇ ಮಾಡಿಸಿರಿ. ಕೆಲಸ ಮುಗಿದ ವರದಿಗೆ ಸಹಿ ಹಾಕುವವರು, ಕುಣಿಯನ್ನೂ ಬೋರ್ಡನ್ನೂ ನಿಮ್ಮೆದುರಿಗೆ ತೋರಿಸಿ ಸಹಿ ಹಾಕಲಿ. ಗಿಲಾವಿಗೆ ಮುನ್ನ ಪ್ರತಿ ಗೋಡೆಯ ಭಾವಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ತಂತಿಯ ದಾರಿ ತಿಳಿಯುತ್ತದೆ. ಒಳ್ಳೆಯ ಕೆಲಸಗಾರನ ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ಕಾಣದ ಜಾಗದಲ್ಲಿಯೂ ಪ್ರಾಮಾಣಿಕವಾಗಿ ಮಾಡಿದ ಕೆಲಸವೇ ಕಾಯಕ ಎಂದು ನಾವು ನಂಬಿದವರು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಎಷ್ಟೋ ಮನೆಗಳ ವಿದ್ಯುತ್ತಿನ ಬಿಲ್ಲು ಇಳಿಯಿತು. ಆದರೆ ಹಸಿರು ತಂತಿಯನ್ನು ಯಾವ ಯೋಜನೆಯೂ ತಂದು ಜೋಡಿಸುವುದಿಲ್ಲ, ಅದು ಮನೆಯ ಯಜಮಾನನ ಹೊಣೆ.

ನವಲಗುಂದದ ಆ ತಾಯಿಯ ಬಲಗೈಯ ಎರಡು ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ರೊಟ್ಟಿ ಬಡಿಯುವಾಗ ಅಂಗೈಯಿಂದಲೇ ಬಡಿಯುತ್ತಾಳೆ. ಈಗ ಗೃಹಪ್ರವೇಶಕ್ಕೆ ಯಾರು ಕರೆದರೂ ನಾವು ಒಳಗೆ ಕಾಲಿಟ್ಟು ಮೊದಲು ಕೇಳುವುದು ಒಂದೇ ಮಾತು: “ಅರ್ಥಿಂಗ್ ಕುಣಿ ಎಲ್ಲಿದೆ, ತೋರಿಸಿರಿ.” ಕೆಲವರು ನಗುತ್ತಾರೆ, ನಗಲಿ. ತೋರಿಸಿದ ಮೇಲೆ ನಾವೂ ಅವರೊಡನೆ ಸಂತೋಷದಿಂದ ಪ್ರಸಾದಕ್ಕೆ ಕೂಡ್ರುತ್ತೇವೆ.